ಗೇಟು ತೆರೆದ ಕೂಡಲೇ ಎಳೆದುಕೊಂಡು ಓಡುವ ಲ್ಯಾಬ್ರಡಾರ್: ಸಮಾಧಾನವಾಗಿ ನಡೆಸುವುದು ಹೇಗೆ?

ಶೇರುವಿನ ಮನೆ, ಕಲಬುರಗಿ

ಎಲ್ಲರಿಗೂ ಶರಣು. ನಮ್ಮ ಮನೆಯಲ್ಲಿ ಒಂದೂವರೆ ವರ್ಷದ ಗಂಡು ಲ್ಯಾಬ್ರಡಾರ್ ಇದೆ. ಹೆಸರು ಶೇರು, ತೂಕ 32 ಕಿಲೊ. ಮನೆಯೊಳಗೆ ಮಕ್ಕಳು ಬಾಲ ಹಿಡಿದು ಎಳೆದರೂ ಸುಮ್ಮನಿರುವ ಸ್ವಭಾವ. ಗೇಟಿನ ಚಿಲಕ ಸದ್ದಾಯಿತೆಂದರೆ ಮಾತ್ರ ಬೇರೆಯದೇ ನಾಯಿ. ಹಿಂಗಾಲಿನ ಮೇಲೆ ನಿಂತು ಕುಣಿಯುತ್ತದೆ, ಹಗ್ಗ ಕಚ್ಚುತ್ತದೆ, ಓಣಿಯ ತುದಿಯವರೆಗೆ ನನ್ನನ್ನು ದರದರನೆ ಎಳೆದುಕೊಂಡು ಹೋಗುತ್ತದೆ. ಹಂದಿಗಳು ಕಂಡರಂತೂ ಎರಡೂ ಕೈಯಿಂದ ಹಿಡಿದರೂ ನಿಲ್ಲುವುದಿಲ್ಲ. ಟಂಟಂ (ಬಾಡಿಗೆ ಆಟೊ) ಹೋದರೆ ಅದರ ಹಿಂದೆ, ಆಡು ಬಂದರೆ ಅದರ ಹಿಂದೆ. ಕೊರಳಪಟ್ಟಿ ಬಿಗಿದು ಗೊರಗೊರ ಸದ್ದು ಮಾಡುತ್ತದೆ, ಕೆಮ್ಮುತ್ತದೆ, ಆದರೂ ಎಳೆತ ಬಿಡುವುದಿಲ್ಲ.

ನಾನು ಬೆಳಗ್ಗೆ ಬೇಗ ಕೆಲಸಕ್ಕೆ ಹೊರಡಬೇಕು. ಅದನ್ನು ತಿರುಗಾಡಿಸಲು ಅವ್ವ ಸಿದ್ಧಳಿದ್ದಾಳೆ, ಅವಳಿಗೂ ಬೆಳಗಿನ ನಡಿಗೆ ಬೇಕು. ಆದರೆ ಈ ಎಳೆತಕ್ಕೆ ಬಿದ್ದು ಕೈ ಮುರಿದುಕೊಂಡಾಳು ಎಂಬ ಭಯ ನನಗಿದೆ. ಎಳೆದರೆ ಕೊರಳಿಗೆ ಬಿಗಿಯುವ ಸರಪಳಿ ಹಾಕಿ ಎಂದು ಅಂಗಡಿಯವರು ಹೇಳಿದರು. ನನ್ನ ಮನಸ್ಸು ಒಪ್ಪುತ್ತಿಲ್ಲ. ಬಲವಾದ ನಾಯಿಯನ್ನು ನಡೆಸಿ ಪಳಗಿದವರು ದಾರಿ ತೋರಿಸಬೇಕು.

ಹುಮನಾಬಾದ್ ರಸ್ತೆ

ಶಕ್ತಿ ಉಕ್ಕುವ ವಯಸ್ಸು, ಬೇರೇನೂ ಅಲ್ಲ. ಬೆಳಗ್ಗೆ ರಿಂಗ್ ರಸ್ತೆಗೆ ಕರೆದೊಯ್ದು ಬೈಕಿನ ಪಕ್ಕದಲ್ಲಿ ಮೂರು ನಾಲ್ಕು ಕಿಲೊಮೀಟರ್ ಓಡಿಸಿ. ದಣಿದ ನಾಯಿ ಎಳೆಯುವುದಿಲ್ಲ. ನಮ್ಮ ಕಡೆ ಎಲ್ಲರೂ ಹೀಗೇ ಮಾಡುತ್ತಾರೆ.

ಕೆಂಪುಮಣ್ಣು, ಬೀದರ್

ತಮ್ಮಾ, ಬೈಕಿನ ದಾರಿ ಹಿಡಿಯಬೇಡಿ. ಇದನ್ನು ಮೊದಲು ಹೇಳಿ ಮುಂದಕ್ಕೆ ಹೋಗುತ್ತೇನೆ. ನಾಯಿಗೆ ನಮ್ಮಂತೆ ಮೈತುಂಬ ಬೆವರು ಬರುವುದಿಲ್ಲ. ಪಾದಗಳಲ್ಲಿ ಸ್ವಲ್ಪ ಬೆವರುತ್ತದೆ, ಉಳಿದ ಬಿಸಿಯೆಲ್ಲ ಬಹುಪಾಲು ಏದುಸಿರಿನಿಂದಲೇ ಹೊರಹೋಗಬೇಕು. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಊರು ನಿಮ್ಮದು. ಬೈಕಿಗೆ ಕಟ್ಟಿದ ನಾಯಿಗೆ ತಾನು ಸೋತಾಗ ನಿಲ್ಲುವ ಸ್ವಾತಂತ್ರ್ಯವೇ ಇಲ್ಲ. ಲ್ಯಾಬ್ರಡಾರ್ ತಳಿಗೆ ಸೊಂಟದ ಕೀಲು, ಮೊಣಕೈ ಕೀಲಿನ ತೊಂದರೆ ಮೊದಲೇ ಹೆಚ್ಚು, ಡಾಂಬರಿನ ಮೇಲಿನ ಓಟ ಅದಕ್ಕೆ ಇನ್ನಷ್ಟು ಪೆಟ್ಟು ಕೊಡುತ್ತದೆ. ಇಷ್ಟೆಲ್ಲ ಮಾಡಿದರೂ ದಿನಾ ಓಡುವ ನಾಯಿಗೆ ದಮ್ಮು ಬೆಳೆಯುತ್ತದೆ. ಇವತ್ತು ಮೂರು ಕಿಲೊಮೀಟರಿಗೆ ದಣಿದದ್ದು ಮುಂದಿನ ತಿಂಗಳು ದಣಿಯುವುದಿಲ್ಲ. ಎಳೆತ ಉಳಿದೇ ಇರುತ್ತದೆ, ಎಳೆಯುವ ಬಲ ಬೆಳೆದಿರುತ್ತದೆ.

ಶೇರು ಎಳೆಯುವುದು ಹಟಕ್ಕಲ್ಲ, ನಿಮ್ಮ ಮೇಲೆ ಅಧಿಕಾರ ನಡೆಸಲಿಕ್ಕೂ ಅಲ್ಲ. ಎಳೆದರೆ ಬೇಕಾದ ಜಾಗ ಸಿಗುತ್ತದೆ ಎಂಬುದನ್ನು ಅದು ಚೆನ್ನಾಗಿ ಕಲಿತಿದೆ. ಕಂಬದ ಬುಡದ ವಾಸನೆ ಬೇಕು, ಎಳೆಯಿತು, ನೀವು ಹಿಂದೆ ಹೋದಿರಿ, ವಾಸನೆ ಸಿಕ್ಕಿತು. ನಮ್ಮ ನಡಿಗೆ ನಾಯಿಯ ಸಹಜ ನಡಿಗೆಗಿಂತ ನಿಧಾನ, ಆದ್ದರಿಂದ ಹಗ್ಗ ಬಿಗಿಯುವುದು ಅದಕ್ಕೆ ಸಹಜ, ಸಡಿಲ ಬಿಟ್ಟು ನಡೆಯುವುದು ಕಲಿಯಬೇಕಾದ ವಿದ್ಯೆ. ಒಂದು ದಿನ ತಡೆದು ಮರುದಿನ ಅವಸರದಲ್ಲಿ ಬಿಟ್ಟುಬಿಟ್ಟರೆ ಎಳೆತ ಇನ್ನೂ ಗಟ್ಟಿಯಾಗುತ್ತದೆ. ಅಮೆರಿಕದ ಮನೋವಿಜ್ಞಾನಿ ಬಿ.ಎಫ್. ಸ್ಕಿನ್ನರ್ ಪ್ರಾಣಿಗಳ ಮೇಲೆ ಪ್ರಯೋಗ ನಡೆಸಿ ತೋರಿಸಿದ ಸಂಗತಿ ಇದು: ಆಗೊಮ್ಮೆ ಈಗೊಮ್ಮೆ ಫಲ ಸಿಗುವ ಅಭ್ಯಾಸವನ್ನು ಬಿಡಿಸುವುದೇ ಎಲ್ಲಕ್ಕಿಂತ ಕಷ್ಟ. ಮಟ್ಕಾ ಆಡುವವರು ಸೋತು ಸೋತೂ ಬಿಡದಿರುವುದು ಇದೇ ಕಾರಣಕ್ಕೆ. ಹಾಗಾಗಿ ಮನೆಯವರೆಲ್ಲರೂ ಒಂದೇ ಮಾತಿಗೆ ಬರಬೇಕು. ಹಗ್ಗ ಬಿಗಿಯಾದರೆ ಯಾರೂ ಒಂದು ಹೆಜ್ಜೆಯನ್ನೂ ಮುಂದಿಡಬಾರದು.

ಕೆಲಸ ಶುರುವಾಗಬೇಕಾದದ್ದು ಓಣಿಯಲ್ಲಲ್ಲ, ಗೇಟಿನ ಒಳಗೆ. ಕುಣಿಯುತ್ತಿರುವ ನಾಯಿಯನ್ನು ಹೊರಗೆ ಕರೆದೊಯ್ದರೆ ಕುಣಿದದ್ದಕ್ಕೇ ಬಹುಮಾನ ಕೊಟ್ಟಂತೆ. ಹಗ್ಗ ಕೈಗೆತ್ತಿಕೊಳ್ಳಿ. ಕುಣಿಯಿತೇ, ಹಗ್ಗವನ್ನು ಮತ್ತೆ ಗೋಡೆಯ ಗೂಟಕ್ಕೆ ಹಾಕಿ, ಒಂದೂ ಮಾತಾಡದೆ ಕುಳಿತುಬಿಡಿ. ನಾಲ್ಕೂ ಕಾಲು ನೆಲದ ಮೇಲಿದ್ದಾಗ ಮಾತ್ರ ಹಗ್ಗ ಸಿಕ್ಕಿಸಿ. ಚಿಲಕಕ್ಕೆ ಕೈ ಹಾಕಿ. ನುಗ್ಗಿತೇ, ಕೈ ತೆಗೆಯಿರಿ. ನಿಂತರೆ ಚಿಲಕ ಸರಿಯುತ್ತದೆ, ನುಗ್ಗಿದರೆ ಮುಚ್ಚಿಕೊಳ್ಳುತ್ತದೆ ಎಂಬುದು ಅದಕ್ಕೇ ಅರ್ಥವಾಗಬೇಕು. ಬೈಗುಳ ಬೇಡ, ಕೂಗಾಟ ಬೇಡ. ಮೊದಲ ಕೆಲವು ದಿನ ಗೇಟು ದಾಟುವುದೇ ಆಗದಿರಬಹುದು, ಆಗದಿರಲಿ. ಆ ಹೊತ್ತು ಅಂಗಳದಲ್ಲೇ ನಡೆಸಿ. ಶೌಚಕ್ಕೆ ಹೊರಗೇ ಹೋಗಬೇಕಿದ್ದರೆ ಹತ್ತಿರದ ಜಾಗಕ್ಕೆ ಹೋಗಿ ಮರಳಿ ಬನ್ನಿ, ಅದನ್ನು ನಡಿಗೆ ಎಂದು ಲೆಕ್ಕ ಹಿಡಿಯಬೇಡಿ.

ಅಂಗಳದಲ್ಲಿ ಕಲಿಸಬೇಕಾದದ್ದು ಒಂದೇ: ನಿಮ್ಮ ಎಡಗಾಲಿನ ಪಕ್ಕ ಬಹಳ ಒಳ್ಳೆಯ ಜಾಗ. ಬೇಯಿಸಿದ ಕೋಳಿಮಾಂಸವನ್ನು ಕಡಲೆಕಾಳಿನಷ್ಟು ಸಣ್ಣದಾಗಿ ಹರಿದಿಟ್ಟುಕೊಳ್ಳಿ. ಉಪ್ಪು, ಮಸಾಲೆ ಬೇಡ, ಈರುಳ್ಳಿ ಮತ್ತು ಬೆಳ್ಳುಳ್ಳಿ ಖಂಡಿತ ಬೇಡ, ಅವು ನಾಯಿಯ ರಕ್ತಕಣಗಳಿಗೆ ಹಾನಿ ಮಾಡುತ್ತವೆ. ಮಾಂಸ ತಿನ್ನದ ಮನೆಯಾದರೆ ಪನೀರ್ ನಡೆಯುತ್ತದೆ, ಜೋಳದ ರೊಟ್ಟಿಯ ಚೂರಿಗೆ ಒಲಿಯುವ ನಾಯಿಗಳೂ ಇವೆ. ಒಣದ್ರಾಕ್ಷಿಯನ್ನು ಮಾತ್ರ ಕೊಡಲೇಬೇಡಿ, ನಾಯಿಯ ಮೂತ್ರಪಿಂಡ ಕೆಡುತ್ತದೆ. ಎರಡು ಹೆಜ್ಜೆ ನಡೆಯಿರಿ. ಪಕ್ಕದಲ್ಲಿದೆ, ಹಗ್ಗ ಸಡಿಲವಿದೆ ಎಂದರೆ "ಶಾಬಾಸ್" ಎನ್ನಿ, ತಕ್ಷಣ ಒಂದು ಚೂರನ್ನು ನಿಮ್ಮ ಪ್ಯಾಂಟಿನ ಹೊಲಿಗೆಯ ಹತ್ತಿರವೇ ಕೊಡಿ. ಮುಂದೆ ಕೈಚಾಚಿ ಕೊಟ್ಟರೆ ಮುಂದೆ ಬರುವುದನ್ನೇ ಕಲಿಯುತ್ತದೆ. ಮೊದಮೊದಲು ಎರಡು ಹೆಜ್ಜೆಗೆ ಒಂದು ಚೂರು, ಆಮೇಲೆ ಐದಕ್ಕೆ, ಹತ್ತಕ್ಕೆ. ಅಷ್ಟನ್ನು ದಿನದ ಊಟದಲ್ಲಿ ಕಡಿಮೆ ಮಾಡಿ, ಲ್ಯಾಬ್ರಡಾರ್ ಬಹಳ ಬೇಗ ಬೊಜ್ಜು ಬೆಳೆಸಿಕೊಳ್ಳುತ್ತದೆ.

ಸಾಮಾನಿನ ವಿಷಯ. ಹಾರ್ನೆಸ್ ಎಂದರೆ ಕೊರಳಿಗಲ್ಲ, ಎದೆ ಬೆನ್ನು ಸುತ್ತಿ ಹಾಕುವ ಪಟ್ಟಿ. ಎದೆಯ ಮುಂಭಾಗದಲ್ಲಿ ಕೊಂಡಿ ಇರುವ ಹಾರ್ನೆಸ್ ತರಿಸಿ. ಬೆನ್ನ ಮೇಲೆ ಮಾತ್ರ ಕೊಂಡಿ ಇರುವುದು ಎಳೆಯುವ ನಾಯಿಗೆ ಸಹಾಯವನ್ನೇ ಮಾಡುತ್ತದೆ. ಎದೆಯ ಮೇಲೆ ಕೊಂಡಿ ಇದ್ದರೆ ಎಳೆದಾಗ ಮೈ ನಿಮ್ಮ ಕಡೆಗೆ ತಿರುಗುತ್ತದೆ, ಬಲ ಮುರಿಯುತ್ತದೆ. ಸುಮಾರು ಎರಡು ಮೀಟರ್ ಉದ್ದದ ಸಾಧಾರಣ ಹಗ್ಗ ಸಾಕು. ಗುಂಡಿ ಒತ್ತಿದರೆ ಉದ್ದವಾಗುವ ಹಗ್ಗ ಬೇಡವೇ ಬೇಡ, ಎಳೆದಷ್ಟೂ ಹಗ್ಗ ಸಿಗುತ್ತದೆ ಎಂಬ ಪಾಠವನ್ನು ಅದು ದಿನವೂ ಹೇಳಿಕೊಡುತ್ತದೆ.

ಹಳೆ ಪದ್ಧತಿ, ಚಿಂಚೋಳಿ

ಬೀದರಿನ ಅಕ್ಕನವರು ಹೇಳಿದ್ದು ಓದಲು ಚೆನ್ನಾಗಿದೆ. ಆದರೆ 32 ಕಿಲೊ ನಾಯಿ ಕೋಳಿಮಾಂಸದ ಚೂರಿಗೆ ನಿಲ್ಲುತ್ತದೆಯೇ? ನಮ್ಮ ಮನೆಯಲ್ಲಿ ಮೂರು ತಲೆಮಾರಿನಿಂದ ನಾಯಿ ಸಾಕಿದ್ದೇವೆ, ಹೊಲದ ಕಾವಲಿಗೆ. ಬಿಗಿಯುವ ಸರಪಳಿ ಹಾಕಿ ಎರಡು ಸಲ ಜೋರಾಗಿ ಜಗ್ಗಿದರೆ ಮೂರನೆಯ ಸಲ ಎಳೆಯುವ ಧೈರ್ಯ ಮಾಡುವುದಿಲ್ಲ. ಪ್ರೀತಿ ಬೇರೆ, ಶಿಸ್ತು ಬೇರೆ.

ಕೆಂಪುಮಣ್ಣು, ಬೀದರ್

ಕಾಕಾ, ನಿಮ್ಮ ಅನುಭವಕ್ಕೆ ಗೌರವ ಇಟ್ಟುಕೊಂಡೇ ಹೇಳುತ್ತೇನೆ. ಜಗ್ಗಿದರೆ ಕೆಲವು ನಾಯಿಗಳು ನಿಲ್ಲುತ್ತವೆ, ನಿಜ. ಆದರೆ ಶೇರು ಕೆಮ್ಮುತ್ತಾ, ಗೊರಗೊರ ಎನ್ನುತ್ತಾ ಈಗಲೂ ಎಳೆಯುತ್ತಿದೆ ಎಂದು ಆ ತಮ್ಮ ಬರೆದಿದ್ದಾರೆ. ಕೊರಳು ನೋಯುತ್ತಿದ್ದರೂ ನಿಲ್ಲದ ನಾಯಿಗೆ ಇನ್ನಷ್ಟು ನೋವು ಕೊಟ್ಟರೆ ಎಷ್ಟು ಕೊಡುವುದು? ಕೊರಳಪಟ್ಟಿ ಒತ್ತಿದಾಗ ಶ್ವಾಸನಾಳಕ್ಕೆ ಪೆಟ್ಟಾಗುತ್ತದೆ, ಕಣ್ಣಿನೊಳಗಿನ ಒತ್ತಡವೂ ಏರುತ್ತದೆ. ಹಾರ್ನೆಸ್ ಹಾಕಿದಾಗ ಹೀಗಾಗುವುದಿಲ್ಲ.

ನನಗೆ ಇದಕ್ಕಿಂತ ದೊಡ್ಡ ಚಿಂತೆ ಇನ್ನೊಂದಿದೆ. ಶೇರು ಹಂದಿಯನ್ನೋ ಮಗುವನ್ನೋ ಕುತೂಹಲದಿಂದ ನೋಡಿದ ಕ್ಷಣದಲ್ಲೇ ಕೊರಳಿಗೆ ನೋವಾದರೆ, ಆ ನೋವು ಎದುರಿಗೆ ಇದ್ದವರಿಂದ ಬಂತೆಂದು ಅದು ತಿಳಿಯಬಹುದು. ಸಂತೋಷಕ್ಕೆ ಎಳೆಯುತ್ತಿದ್ದ ನಾಯಿ ಹೆದರಿಕೆಗೆ ಬೊಗಳಲು, ಕಚ್ಚಲು ಕಲಿಯುವುದು ಹೀಗೆ. ಹೊಲದ ಕಾವಲು ನಾಯಿಗೆ ದಿನಕ್ಕೆ ನೂರು ಅಪರಿಚಿತರು ಎದುರಾಗುವುದಿಲ್ಲ. ಪೇಟೆಯ ನಾಯಿಗೆ ಎದುರಾಗುತ್ತಾರೆ.

ವಕೀಲರ ಕಟ್ಟೆ, ಕಲಬುರಗಿ

ಒಂದು ಮಾತು ಸೇರಿಸುತ್ತೇನೆ. ಎಳೆಯುತ್ತದೆ ಎಂದು ಬೇಸತ್ತು ನಾಯಿಯನ್ನು ಹಗಲೂ ರಾತ್ರಿ ಅಂಗಳದಲ್ಲೇ ಕಟ್ಟಿಹಾಕುವ ಮನೆಗಳು ನಮ್ಮ ಊರಿನಲ್ಲಿ ಬಹಳ ಇವೆ. ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆ, 1960ರ 11ನೇ ಕಲಮಿನಲ್ಲಿ ತೀರಾ ಗಿಡ್ಡ ಅಥವಾ ತೀರಾ ಭಾರದ ಸರಪಳಿಯಲ್ಲಿ ಪ್ರಾಣಿಯನ್ನು ಅತಿಯಾದ ಹೊತ್ತು ಕಟ್ಟಿಡುವುದೂ ಕ್ರೌರ್ಯ. ಅದೇ ಕಲಮಿನಲ್ಲಿ ನಾಯಿಗಳ ಬಗ್ಗೆ ಪ್ರತ್ಯೇಕವಾಗಿ ಹೇಳಲಾಗಿದೆ: ಸದಾ ಕಟ್ಟಿಹಾಕಿದ ನಾಯಿಗೆ ತಕ್ಕಷ್ಟು ವ್ಯಾಯಾಮ ಕೊಡಿಸದೆ ನಿರ್ಲಕ್ಷಿಸಿದರೆ ಅದರ ಮಾಲೀಕ ಅಪರಾಧಿ. ತಿರುಗಾಡಿಸುವುದು ಕಾನೂನೇ ನಮ್ಮ ಮೇಲೆ ಹೊರಿಸಿರುವ ಹೊಣೆ.

ಬಿಸಿಲೂರು, ಶಹಾಬಾದ್

ಹೊತ್ತಿನ ಬಗ್ಗೆ ಹೇಳಲೇಬೇಕು. ನಮ್ಮ ಕಡೆ ಅಂಗಳಕ್ಕೂ ಓಣಿಗೂ ಹಾಸಿರುವುದು ಶಹಾಬಾದಿ ಫರಸಿ ಕಲ್ಲು. ಬಿಸಿಲು ಬಿದ್ದರೆ ಕಾದ ಹೆಂಚು, ಡಾಂಬರು ಇನ್ನೂ ಹೆಚ್ಚು. ಅಂಗೈಯ ಹಿಂಬದಿಯನ್ನು ನೆಲಕ್ಕೆ ಒತ್ತಿ ಐದಾರು ಸೆಕೆಂಡ್ ಇಡಿ. ನಿಮಗೆ ತಾಳಲಾಗದಿದ್ದರೆ ನಾಯಿಯ ಪಾದಕ್ಕೂ ತಾಳಲಾಗುವುದಿಲ್ಲ. ಬೇಸಿಗೆಯಲ್ಲಿ ಸೂರ್ಯ ಹುಟ್ಟುವ ಮೊದಲೇ ಹೊರಟು ಬೇಗ ಮರಳಿ. ಸಂಜೆ ಕತ್ತಲಾದ ಮೇಲೂ ಡಾಂಬರು ಬಹಳ ಹೊತ್ತು ಬಿಸಿ ಬಿಡುತ್ತಿರುತ್ತದೆ, ಮಣ್ಣಿನ ದಾರಿ ಹುಡುಕಿ. ಬಿಸಿ ನೆಲದ ಮೇಲೆ ಚಡಪಡಿಸಿ ಎಳೆಯುವ ನಾಯಿಯನ್ನು ಜನ ತುಂಟ ಎಂದುಕೊಳ್ಳುತ್ತಾರೆ, ಅದು ಸುಡುತ್ತಿರುವ ಪಾದವನ್ನು ಉಳಿಸಿಕೊಳ್ಳಲು ಓಡುತ್ತಿರುತ್ತದೆ. ನಾಲಿಗೆ ಕಡುಗೆಂಪಾಗಿ, ಜೊಲ್ಲು ಸುರಿಸಿ, ಹೆಜ್ಜೆ ತಪ್ಪಿದರೆ ಅದು ಶಾಖಾಘಾತ. ನೆರಳಿಗೆ ಒಯ್ದು ಮೈಗೆ ತಣ್ಣೀರು ಹಾಕಿ, ಗಾಳಿ ಬೀಸುತ್ತಲೇ ಪಶುವೈದ್ಯರ ಬಳಿಗೆ ಹೋಗಬೇಕು.

ತೀರಾ ಬಿಸಿಲಿದ್ದ ದಿನ ಹೊರಗೆ ಹೋಗದಿದ್ದರೂ ನಡೆಯುತ್ತದೆ. ರೊಟ್ಟಿ ಚೂರುಗಳನ್ನು ಹಳೆಯ ಟವೆಲಿನಲ್ಲಿ ಸುತ್ತಿ ಕೊಡಿ, ಕೋಣೆಗಳಲ್ಲಿ ಬಚ್ಚಿಟ್ಟು ಹುಡುಕಿಸಿ. ಮೂಗಿಗೆ ಕೆಲಸ ಸಿಕ್ಕ ನಾಯಿ ಮಧ್ಯಾಹ್ನವೆಲ್ಲ ಮಲಗುತ್ತದೆ.

ಶೇರುವಿನ ಮನೆ, ಕಲಬುರಗಿ

ಅಕ್ಕನವರೇ, ಎಲ್ಲರಿಗೂ ವಂದನೆ. ಮುಂದೆ ಕೊಂಡಿ ಇರುವ ಹಾರ್ನೆಸ್ ತರಿಸಿದೆವು. ಗೇಟಿನ ಪಾಠ ಹಿಡಿಯುತ್ತಿದೆ, ಈಗ ಹಗ್ಗ ಎತ್ತಿಕೊಂಡರೆ ತಾನೇ ಕೂರುತ್ತದೆ. ಅಂಗಳದಲ್ಲಿ ಕಾಲಿನ ಪಕ್ಕ ನಡೆಯುತ್ತದೆ, ಅವ್ವನ ಜೊತೆಗೂ. ಆದರೆ ಓಣಿಗೆ ಇಳಿದ ಮೇಲೆ ಹಂದಿ ಕಂಡರೆ ಕೋಳಿಮಾಂಸ ಮೂಗಿನ ಮುಂದೆ ಹಿಡಿದರೂ ಕಣ್ಣೆತ್ತಿ ನೋಡುವುದಿಲ್ಲ. ಕರೆದರೆ ಕಿವಿಯೂ ಅಲುಗುವುದಿಲ್ಲ.

ಕೆಂಪುಮಣ್ಣು, ಬೀದರ್

ಗೇಟು ಗೆದ್ದಿದ್ದೀರಿ ಎಂದರೆ ಅರ್ಧ ದಾರಿ ಬಂದಂತೆ. ಕೋಳಿಮಾಂಸ ಬಿಟ್ಟಿತು ಎಂದರೆ ಹಸಿವಿಲ್ಲ ಎಂದಲ್ಲ. ಹಂದಿಗೆ ತೀರಾ ಹತ್ತಿರ ಹೋಗಿದ್ದೀರಿ. ಮೈಯಲ್ಲಿ ಉದ್ವೇಗ ಒಂದು ಮಟ್ಟ ದಾಟಿದ ಮೇಲೆ ನಾಯಿಗೆ ತಿನ್ನಲೂ ಆಗುವುದಿಲ್ಲ, ಕಲಿಯಲೂ ಆಗುವುದಿಲ್ಲ. ಆಗ ಕೂಗುವುದು, ಜಗ್ಗುವುದು, ಬೇಡಿಕೊಳ್ಳುವುದು ಎಲ್ಲ ವ್ಯರ್ಥ. ಸುಮ್ಮನೆ ತಿರುಗಿ ದೂರ ನಡೆದುಬಿಡಿ. ಎಲ್ಲಿ ಮತ್ತೆ ಚೂರು ತಿನ್ನುತ್ತದೆಯೋ ಅದೇ ನಿಮ್ಮ ಪಾಠಶಾಲೆ. ಅದು ಇಪ್ಪತ್ತು ಮೀಟರ್ ಇರಬಹುದು, ಐವತ್ತಿರಬಹುದು.

ಅಲ್ಲಿ ನಿಂತು ಹಂದಿಯನ್ನು ನೋಡಲು ಬಿಡಿ. ನೋಡಿದ ತಕ್ಷಣ "ಶಾಬಾಸ್" ಎನ್ನಿ. ಮುಖ ನಿಮ್ಮ ಕಡೆ ತಿರುಗುತ್ತದೆ, ಚೂರು ಕೊಡಿ. ಮತ್ತೆ ನೋಡಿತು, ಮತ್ತೆ "ಶಾಬಾಸ್", ಮತ್ತೆ ಚೂರು. ಹಂದಿ ಕಂಡರೆ ಅವ್ವನ ಕಡೆ ತಿರುಗಬೇಕು, ಏನೋ ಸಿಗುತ್ತದೆ ಎಂಬ ನಂಟು ಬೆಳೆಯುತ್ತದೆ. ಅದು ನಿರಾಳವಾಗಿ ತಿರುಗುತ್ತಿದ್ದರೆ ಮಾತ್ರ ನಾಲ್ಕು ಹೆಜ್ಜೆ ಹತ್ತಿರ ಹೋಗಿ. ಈ ದೂರ ಕುಗ್ಗುವುದು ನಿಧಾನ, ಕೆಲವು ದಿನ ಹಿಂದಕ್ಕೂ ಹೋಗುತ್ತದೆ. ನಿಮ್ಮ ಓಣಿ ಇಕ್ಕಟ್ಟಾಗಿದ್ದು ಅಷ್ಟು ದೂರ ಸಿಗದಿದ್ದರೆ ಆ ಓಣಿಯನ್ನೇ ಬಿಡಿ. ಊರಿನ ಹೊರಬದಿಯ ಹೊಸ ಬಡಾವಣೆಗಳಲ್ಲಿ ಖಾಲಿ ನಿವೇಶನಗಳಿರುತ್ತವೆ, ದೂರದಿಂದಲೇ ಎಲ್ಲ ಕಾಣುತ್ತದೆ. ಶೇರುವನ್ನು ಆಟೊದಲ್ಲಿ ಅಲ್ಲಿಗೆ ಒಯ್ಯಿರಿ.

ಇನ್ನೊಂದನ್ನು ಮರೆಯಬೇಡಿ: ವಾಸನೆ ನೋಡುವುದನ್ನೇ ಬಹುಮಾನ ಮಾಡಿ. ಹತ್ತು ಹೆಜ್ಜೆ ಸಡಿಲ ಹಗ್ಗದಲ್ಲಿ ಬಂದರೆ "ಹೋಗು" ಎಂದು ಹೇಳಿ ಕಂಬದ ಬುಡಕ್ಕೆ ನೀವೇ ಕರೆದೊಯ್ಯಿರಿ, ಮನಸಾರೆ ಮೂಸಲಿ. ಇಡೀ ದಾರಿ ಸೈನಿಕನಂತೆ ಕಾಲಿಗಂಟಿ ನಡೆಯಬೇಕೆಂದು ಹಟ ಹಿಡಿಯಬೇಡಿ. ಅದಕ್ಕೆ ಹೊರಗಿನ ಲೋಕವೆಂದರೆ ವಾಸನೆ. ಹಗ್ಗ ಸಡಿಲವಿದ್ದರೆ ಅದು ಮುಂದಿದ್ದರೂ ಪಕ್ಕದಲ್ಲಿದ್ದರೂ ತಪ್ಪಲ್ಲ.

ಭೀಮಾತೀರ, ಯಾದಗಿರಿ

ನಮ್ಮದು ಮುಧೋಳ ನಾಯಿ. ತಿಂಡಿಗೆ ಬೆಲೆಯೇ ಇಲ್ಲ. ಕುರಿ ಹಿಂಡಿನಲ್ಲಿ ಒಂದು ಮರಿ ಓಡಿದರೆ ಸಾಕು, ಕ್ಷಣದಲ್ಲಿ ಕೊರಳಪಟ್ಟಿಯಿಂದ ತಲೆ ಕಳಚಿಕೊಂಡು ಹೋಗುತ್ತದೆ. ಪಟ್ಟಿ ಬಿಗಿ ಮಾಡಿದರೆ ಕೊರಳಿಗೆ ಗಾಯ. ಇದಕ್ಕೂ ಇದೇ ಪಾಠವೇ?

ಕೆಂಪುಮಣ್ಣು, ಬೀದರ್

ಪಾಠ ಅದೇ, ಸಾಮಾನು ಬೇರೆ, ಎಚ್ಚರವೂ ಹೆಚ್ಚು ಬೇಕು. ಮುಧೋಳ ಕಣ್ಣಿನಿಂದ ಬೇಟೆಯಾಡುವ ತಳಿ, ಓಡುವುದನ್ನು ಕಂಡರೆ ಕಾಲು ತಾನೇ ಏಳುತ್ತದೆ. ಅದರ ತಲೆ ಉದ್ದ ಮತ್ತು ಕಿರಿದು, ಕೊರಳಿನಷ್ಟೇ ಅಗಲ, ಹಾಗಾಗಿ ಸಾಧಾರಣ ಪಟ್ಟಿ ನಿಲ್ಲುವುದಿಲ್ಲ. ಮಾರ್ಟಿಂಗೇಲ್ ಎಂಬ ಅಗಲವಾದ ಪಟ್ಟಿ ಸಿಗುತ್ತದೆ. ಎಳೆದಾಗ ಒಂದು ಮಿತಿಯವರೆಗೆ ಮಾತ್ರ ಬಿಗಿಯುತ್ತದೆ, ತಲೆ ಕಳಚುವುದಿಲ್ಲ, ಕೊರಳು ಹಿಸುಕುವುದೂ ಇಲ್ಲ. ಜೊತೆಗೆ ಹೊಟ್ಟೆಯ ಹಿಂದೆಯೂ ಪಟ್ಟಿ ಇರುವ ಹಾರ್ನೆಸ್ ಹಾಕಿ, ಎರಡಕ್ಕೂ ಹಗ್ಗ ಸಿಕ್ಕಿಸಿ. ಉದ್ದನೆಯ ಹಗ್ಗ ಬಳಸುವುದಿದ್ದರೆ ಹಾರ್ನೆಸ್ಸಿಗೆ ಮಾತ್ರ, ಕೊರಳಿಗೆ ಎಂದಿಗೂ ಬೇಡ. ಓಟದ ವೇಗದಲ್ಲಿ ಹತ್ತು ಮೀಟರ್ ಹಗ್ಗದ ತುದಿ ತಲುಪಿದರೆ ಕೊರಳು ಮುರಿಯಬಹುದು.

ತಿಂಡಿ ಬೇಡವೆಂದರೆ ಓಟವನ್ನೇ ಬಹುಮಾನ ಮಾಡಿ. ಉದ್ದದ ಕೋಲಿನ ತುದಿಗೆ ಹಗ್ಗ, ಹಗ್ಗದ ತುದಿಗೆ ಬಟ್ಟೆಯ ತುಂಡು ಕಟ್ಟಿ ಬೇಲಿಯೊಳಗೆ ಓಡಿಸಿ. ಶಾಂತವಾಗಿ ನಿಂತರೆ ಬಟ್ಟೆ ಓಡುತ್ತದೆ ಎಂದು ಕಲಿತ ಮುಧೋಳಕ್ಕೆ ಅದಕ್ಕಿಂತ ದೊಡ್ಡ ಬಹುಮಾನ ಇಲ್ಲ.

ಈ ತಳಿಯ ಬಗ್ಗೆ ನಮಗೆಲ್ಲ ಅಭಿಮಾನ ಇರಬೇಕು. 2005ರಲ್ಲಿ ಅಂಚೆ ಇಲಾಖೆ ಇದರ ಚಿತ್ರದ ಅಂಚೆಚೀಟಿ ತಂದಿತು. ನಮ್ಮ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಮತ್ತು ಮಾಹಿತಿ ಕೇಂದ್ರ ಮುಧೋಳದ ಬಳಿಯ ತಿಮ್ಮಾಪುರದಲ್ಲಿದೆ. ಮರಿ ತರುವ ಯೋಚನೆ ಇರುವವರು ಮೊದಲು ಅಂಥ ಕಡೆ ವಿಚಾರಿಸಲಿ, ಇದು ಇಕ್ಕಟ್ಟಾದ ಮನೆಗೆ ಒಗ್ಗುವ ನಾಯಿ ಅಲ್ಲ.

ಆಳಂದ ರಸ್ತೆ, ಕಲಬುರಗಿ

ನನ್ನ ಸಮಸ್ಯೆ ಬೀದಿನಾಯಿಗಳದ್ದು. ನಮ್ಮ ನಾಯಿ ಸರಿಯಾಗಿ ನಡೆಯುತ್ತದೆ, ತಿರುವಿನಲ್ಲಿ ನಾಲ್ಕೈದು ನಾಯಿಗಳು ಮೇಲೆ ಬಿದ್ದ ಮೇಲೆ ಎಲ್ಲ ಕೆಡುತ್ತದೆ. ಕೋಲು ಹಿಡಿದುಕೊಂಡು ಹೋಗಬೇಕೇ?

ಬಿಸಿಲೂರು, ಶಹಾಬಾದ್

ಕೋಲು ಬೀಸಿದರೆ ಅವೂ ಕೆರಳುತ್ತವೆ, ನಿಮ್ಮದೂ ಕೆರಳುತ್ತದೆ. ಅವುಗಳಿಗೆ ತಮ್ಮ ಜಾಗದ ಗಡಿ ಇರುತ್ತದೆ, ಆ ತಿರುವನ್ನು ತಪ್ಪಿಸುವ ದಾರಿ ಇದ್ದರೆ ಅದೇ ಒಳ್ಳೆಯದು. ಇಲ್ಲದಿದ್ದರೆ ದೂರದಲ್ಲಿದ್ದಾಗಲೇ ಒಂದು ಹಿಡಿ ರೊಟ್ಟಿ ಚೂರನ್ನು ಅವುಗಳ ಕಡೆ ಎರಚಿ, ನಿಮ್ಮ ನಾಯಿಯನ್ನು ಇನ್ನೊಂದು ಮಗ್ಗುಲಿಗೆ ತೆಗೆದುಕೊಂಡು ನಡುವೆ ನೀವಿದ್ದು ಸಾಗಿ. ಓಡಬೇಡಿ. ಹಗ್ಗವನ್ನು ಮೇಲಕ್ಕೆ ಬಿಗಿದು ಹಿಡಿದರೆ ನಿಮ್ಮ ನಾಯಿಯ ತಲೆ, ಎದೆ ಎತ್ತರವಾಗಿ ಜಗಳಕ್ಕೆ ಬಂದಂತೆ ಕಾಣುತ್ತದೆ, ಆದಷ್ಟು ಸಡಿಲವಿರಲಿ.

ವರ್ಷದ ರೇಬಿಸ್ ಲಸಿಕೆ ತಪ್ಪಿಸಬೇಡಿ. ಯಾರಿಗಾದರೂ ಕಚ್ಚಿದರೆ ಅಥವಾ ಪರಚಿದರೆ ಹರಿಯುವ ನೀರಿನಲ್ಲಿ ಸಾಬೂನು ಹಾಕಿ 15 ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಅರಿಸಿನ, ಖಾರದಪುಡಿ ಹಚ್ಚುವುದು ಬೇಡ.

ಹಳೆ ಪದ್ಧತಿ, ಚಿಂಚೋಳಿ

ದೂರದಿಂದ ತೋರಿಸಿ ಹತ್ತಿರ ತರುವ ಮಾತು ನನಗೂ ಒಪ್ಪಿಗೆ. ಎತ್ತಿಗೆ ನೊಗ ರೂಢಿ ಮಾಡಿಸುವಾಗ ನಾವೂ ಮೊದಲ ದಿನವೇ ಭಾರ ಕಟ್ಟುವುದಿಲ್ಲ. ಆದರೆ ಬೀಜ ಒಡೆಸಿದರೆ ಈ ಎಳೆತ ತಾನೇ ನಿಲ್ಲುತ್ತದೆ ಎನ್ನುತ್ತಾರಲ್ಲ, ಅದು ನಿಜವೇ?

ಕೆಂಪುಮಣ್ಣು, ಬೀದರ್

ಇಲ್ಲ ಕಾಕಾ. ಸಂತಾನಹರಣ ಚಿಕಿತ್ಸೆಯಿಂದ ಹೆಣ್ಣುನಾಯಿಯ ವಾಸನೆ ಹಿಡಿದು ಓಡುವುದು, ಕಂಡ ಕಂಡಲ್ಲಿ ಮೂತ್ರ ಹಾಕುವುದು ಕಡಿಮೆಯಾಗಬಹುದು. ಹಗ್ಗದಲ್ಲಿ ನಡೆಯುವುದನ್ನು ಕಲಿಸಿಯೇ ತೀರಬೇಕು. ಯಾವ ವಯಸ್ಸಿನಲ್ಲಿ ಮಾಡಿಸಬೇಕೆಂಬುದನ್ನು ದೊಡ್ಡ ತಳಿಯಾದ್ದರಿಂದ ಪಶುವೈದ್ಯರನ್ನೇ ಕೇಳಿ ನಿರ್ಧರಿಸಬೇಕು, ಮೂಳೆಯ ಬೆಳವಣಿಗೆಯ ಪ್ರಶ್ನೆ ಅದರಲ್ಲಿದೆ.

ಶೇರುವಿನ ಮನೆ, ಕಲಬುರಗಿ

ಅಕ್ಕನವರೇ, ಖಾಲಿ ನಿವೇಶನಗಳ ಕಡೆ ಒಯ್ಯುತ್ತಿದ್ದೇವೆ. ದೂರದಲ್ಲಿ ಹಂದಿ ಕಂಡರೆ ಈಗ ನನ್ನ ಮುಖ ನೋಡುತ್ತದೆ. ಟಂಟಂ ಸದ್ದಿಗೆ ಮಾತ್ರ ಇನ್ನೂ ಜಿಗಿಯುತ್ತದೆ. ಅವ್ವನ ಕೈಗೆ ಯಾವಾಗ ಕೊಡಬಹುದು? ಅವಳು ಹಗ್ಗವನ್ನು ಮುಂಗೈಗೆ ಸುತ್ತಿಕೊಳ್ಳುತ್ತಾಳೆ, ಹಾಗೆ ಹಿಡಿಯಬಹುದೇ?

ಕೆಂಪುಮಣ್ಣು, ಬೀದರ್

ಮುಂಗೈಗೆ ಸುತ್ತಿಕೊಳ್ಳುವುದು ಬೇಡ, ಬೆರಳಿಗೆ ಸುತ್ತಿಕೊಳ್ಳುವುದಂತೂ ಬೇಡವೇ ಬೇಡ. ನಾಯಿ ಜಿಗಿದಾಗ ಬೆರಳು ಮುರಿಯುವುದು, ಬೀಳುವುದು ಹೀಗೆಯೇ. ಹಗ್ಗದ ಹಿಡಿಕೆಯನ್ನು ಬಲಗೈಯ ಹೆಬ್ಬೆರಳಿಗೆ ಹಾಕಿ ಮುಷ್ಟಿ ಮುಚ್ಚಲಿ, ಆ ಕೈ ಹೊಟ್ಟೆಗೆ ತಾಗಿರಲಿ. ಎಡಗೈ ಹಗ್ಗದ ನಡುವೆ ಹಗುರಾಗಿರಲಿ. ಜಿಗಿದಾಗ ತೋಳು ಚಾಚದೆ, ಮೊಣಕಾಲು ಸ್ವಲ್ಪ ಮಡಿಸಿ, ಒಂದು ಕಾಲು ಹಿಂದಿಟ್ಟು ನಿಲ್ಲಲಿ. ಮೈಯ ಭಾರವೇ ತಡೆಯುತ್ತದೆ. ಜಾರುವ ಚಪ್ಪಲಿ ಬೇಡ, ಹಿಂದೆ ಪಟ್ಟಿ ಇರುವ ಶೂ ಹಾಕಿಕೊಳ್ಳಲಿ.

ಟಂಟಂ ಸದ್ದಿಗೂ ಹಂದಿಯ ಪಾಠವೇ. ಸ್ಟ್ಯಾಂಡಿನಿಂದ ಬಹಳ ದೂರದಲ್ಲಿ ಕುಳಿತು ಒಂದೊಂದು ಗಾಡಿಗೂ ಒಂದೊಂದು ಚೂರು ಕೊಡಿ. ನಡೆಯುವುದೇ ಬೇಡ, ಕುಳಿತು ನೋಡಿದರೆ ಸಾಕು. ಗಾಡಿ ಹೋದಾಗ ಶೇರು ಕುಳಿತಲ್ಲೇ ಅವ್ವನವರ ಕೈ ನೋಡುವಂತಾದ ಮೇಲೆ ಹಗ್ಗ ಅವರಿಗೆ ಕೊಡಬಹುದು. ಮೊದಲು ನೀವು ಜೊತೆಯಲ್ಲಿ ನಡೆಯಿರಿ, ಹಾರ್ನೆಸ್ಸಿಗೆ ಇನ್ನೊಂದು ಹಗ್ಗ ಕಟ್ಟಿ ಅದು ನಿಮ್ಮ ಕೈಯಲ್ಲಿರಲಿ, ಸಡಿಲವಾಗಿ. ನಿಮ್ಮ ಹಗ್ಗಕ್ಕೆ ಕೆಲಸವೇ ಬೀಳುತ್ತಿಲ್ಲ ಎಂದಾದಾಗ ಅದನ್ನು ಬಿಚ್ಚಿ. ಅವರು ಒಬ್ಬರೇ ಹೋಗತೊಡಗಿದ ಮೇಲೂ ಹಂದಿಗಳಿರುವ ಆ ಓಣಿಯನ್ನು ಸದ್ಯಕ್ಕೆ ಬಿಟ್ಟುಬಿಡಿ, ಮಳೆ ಬಿದ್ದು ಹೊಸ ವಾಸನೆ ಎದ್ದ ದಿನ ನಡಿಗೆಯನ್ನು ಅರ್ಧಕ್ಕೆ ಇಳಿಸಿ, ಚೂರುಗಳನ್ನು ಎಂದಿಗಿಂತ ಹೆಚ್ಚು ಕೊಟ್ಟು ಕಳಿಸಿ.